ಕಾರಿನ ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಸ್ಪೀಕರ್ ಎಷ್ಟೇ ಒಳ್ಳೆಯದಿರಲಿ, ಸೌಂಡ್ ಜಾಸ್ತಿ ಮಾಡಿದರೆ ಬಾಗಿಲಿನ ತೆಳು ತಗಡು ಗಡಗಡ ಅನ್ನುತ್ತದೆ, ಬೇಸ್ ಸೊರಗುತ್ತದೆ. ಅದಕ್ಕೆ ಡ್ಯಾಂಪಿಂಗ್, ಅಂದರೆ ತಗಡಿನ ನಡುಕ ತಗ್ಗಿಸುವ ಅಂಟು ಶೀಟ್ ಹಾಕಿಸುವುದು, ಸರಿಯಾದ ಮದ್ದೇ. ಆದರೆ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಹಿಂದೆ ಏನು ಅಂಟಿಸುತ್ತಾರೆ ಅಂತ ನೀವೇ ನಿಂತು ನೋಡಿ. ಪ್ಯಾಡ್ ಮುಚ್ಚಿದ ಮೇಲೆ ಏನೂ ಕಾಣುವುದಿಲ್ಲ.

ನನ್ನ ಕಾರಿಗೆ ಹಾಕುವಾಗ ಬ್ಯುಟೈಲ್ (ಒಂದು ಬಗೆಯ ಕೃತಕ ರಬ್ಬರ್) ಶೀಟ್ ಅಂತಲೇ ಹೇಳಿದ್ದರು. ಮೊದಮೊದಲು ಸದ್ದು ಚೆನ್ನಾಗಿಯೇ ಇತ್ತು. ಬೇಸಿಗೆ ಶುರುವಾದ ಮೇಲೆ ಕಾರೊಳಗೆ ಡಾಂಬರಿನ ವಾಸನೆ. ಗಾಜು ಇಳಿಸಿ ಏರಿಸಿದರೆ ಅದರ ಮೇಲೆ ಕಪ್ಪು ಗೆರೆ. ಮಳೆ ಬಂದಾಗ ಬಾಗಿಲು ತೆಗೆದರೆ ಒಳಗೆ ನೀರು ಅಲುಗಾಡುವ ಸದ್ದು! ಬೇರೆ ಕಡೆ ಬಿಚ್ಚಿಸಿ ನೋಡಿದರೆ ಹೊಟ್ಟೆ ಉರಿದುಹೋಯಿತು. ಶೀಟ್ ತಗಡಿನಿಂದ ಜಾರಿ, ಮಡಚಿಕೊಂಡು ಬಾಗಿಲಿನ ತಳದಲ್ಲಿ ಬಿದ್ದಿತ್ತು. ಸ್ಪೀಕರ್ ಮ್ಯಾಗ್ನೆಟ್‌ನಿಂದ ಕಪ್ಪು ಅಂಟು ಎಳೆ ಎಳೆಯಾಗಿ ಇಳಿದಿತ್ತು. ತಳದ ತೂತುಗಳೆಲ್ಲ ಮುಚ್ಚಿ ನೀರು ನಿಂತು, ಅಂಚಿನಲ್ಲಿ ತುಕ್ಕು ಹಿಡಿದಿತ್ತು. ಅದು ಬ್ಯುಟೈಲ್ ಅಲ್ಲವೇ ಅಲ್ಲ. ಚಾವಣಿ ಸೋರದ ಹಾಗೆ ಅಂಟಿಸುತ್ತಾರಲ್ಲ, ಆ ಥರದ ಡಾಂಬರು ಶೀಟ್.

ಬಾಗಿಲೊಳಗೆ ನೀರು ಬರುವುದು ಸಹಜ. ಗಾಜಿನ ಪಕ್ಕದ ರಬ್ಬರ್ ಸಂದಿಯಿಂದ ಇಳಿದು ತಳದ ತೂತುಗಳಿಂದ ಆಚೆ ಹೋಗಬೇಕು. ಆ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಪ್ಯಾಡ್ ಹಿಂದೆಯೇ ಇರುವ ಒಳತಗಡಿನ ಮೇಲೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ ಹಾಳೆಯನ್ನೂ ನನ್ನ ಕಾರಿನಲ್ಲಿ ಕಿತ್ತು ಬಿಸಾಕಿದ್ದರು. ನೀರು ಪ್ಯಾಡಿಗೆ ಬರದಂತೆ ತಡೆಯುವುದೇ ಆ ಹಾಳೆ. ಅದನ್ನು ತೆಗೆದರೆ ಆ ಜಾಗ ಬೇರೆ ರೀತಿಯಲ್ಲಿ ಭದ್ರವಾಗಿ ಮುಚ್ಚಲೇಬೇಕು.

ಇನ್ನೊಂದು ವಿಷಯ. "ಪೂರ್ತಿ ಅಂಟಿಸಿದರೇನೇ ಬೇಸ್ ಬರೋದು" ಅಂತಾರೆ, ನಂಬಬೇಡಿ. ಒಳ್ಳೆ ಬ್ಯುಟೈಲ್ ಶೀಟ್ ಮೇಲೆ ಅಲ್ಯುಮಿನಿಯಂ ಹಾಳೆ ಇರುತ್ತದೆ. ತಗಡು ನಡುಗಿದಾಗ ಎರಡರ ನಡುವೆ ಸಿಕ್ಕ ಬ್ಯುಟೈಲ್ ಎಳೆದಾಡಿ, ನಡುಕವನ್ನು ಶಾಖ ಮಾಡಿ ಕಳೆಯುತ್ತದೆ. ಹೊರತಗಡಿನ ಅಗಲ ಜಾಗದ ಸುಮಾರು ಕಾಲು ಭಾಗಕ್ಕೆ, ರೋಲರ್‌ನಿಂದ ಬಿಗಿಯಾಗಿ ಒತ್ತಿ ಹಾಕಿದರೂ ತುಂಬಾ ವ್ಯತ್ಯಾಸ ಗೊತ್ತಾಗುತ್ತದೆ. ಬೇಸ್ ನಿಜವಾಗಿ ಗಟ್ಟಿಯಾಗುವುದು ಒಳತಗಡಿನ ದೊಡ್ಡ ತೂತುಗಳನ್ನು (ತಳದ ತೂತುಗಳನ್ನಲ್ಲ) ಮುಚ್ಚಿದಾಗ. ಇಲ್ಲದಿದ್ದರೆ ಸ್ಪೀಕರ್ ಕೋನ್ (ನಡುಗಿ ಸದ್ದು ಮಾಡುವ ಭಾಗ) ಹಿಂದಿನ ಸದ್ದು ಆ ತೂತಿನಿಂದ ಬಂದು ಮುಂದಿನ ಸದ್ದನ್ನೇ ಅಳಿಸುತ್ತದೆ. ಆದರೆ ಕೆಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗಿನ ಪ್ರೆಶರ್ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ಅಂಥ ಕಾರಾದರೆ ತೂತು ಮುಚ್ಚುವ ಮುಂಚೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿಕೊಳ್ಳಿ.

ಹಾಕಿಸುವ ಮುಂಚೆ ಶೀಟಿನ ಒಂದು ತುಂಡು ಕೇಳಿ ತೊಗೊಳ್ಳಿ. ಒಂದು ತಗಡಿಗೆ ಅಂಟಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ. ವಾಸನೆ ಬಂದರೆ, ಅಂಚು ಕರಗಿ ಇಳಿದರೆ, ಆ ಶೀಟ್ ಬೇಡವೇ ಬೇಡ. ತುಂಡು ಕೊಡಲು ಹಿಂದೆಮುಂದೆ ನೋಡಿದರೆ ಸುಮ್ನೆ ಎದ್ದು ಬನ್ನಿ. ಈಗಾಗಲೇ ಹಾಕಿಸಿದ್ದೀರಾ? ಬಾಗಿಲಿನ ಹೊರಗಿನಿಂದ ಗಾಜಿನ ಬುಡಕ್ಕೆ ಒಂದು ಲೋಟ ನೀರು ಸುರಿಯಿರಿ. ಕೆಳಗಿನ ತೂತುಗಳಿಂದ ನೀರು ಬರದಿದ್ದರೆ, ಮಳೆಗಾಲಕ್ಕೆ ಕಾಯದೆ ಪ್ಯಾಡ್ ಬಿಚ್ಚಿಸಿ.