ಏಳು ಜುಟ್ಟು, ಆರು ಮನೆಮದ್ದು: ಜಾಸ್ತಿ ಹತ್ತಿದ ಡೈ ಇಳಿಸಲು ಹೋದಾಗ

ಪ್ಯಾಕಿನ ಮೇಲೆ ಇದ್ದದ್ದು ಕಡು ಕಂದು. ತಲೆಯ ಮೇಲೆ ಬಂದದ್ದು ಕಾಡಿಗೆ ಕಪ್ಪು. ತಪ್ಪು ನನ್ನದೇ. 30 ನಿಮಿಷ ಬಿಡಿ ಅಂತ ಬರೆದಿತ್ತು, ಫೋನಿನಲ್ಲಿ ಮಾತಾಡುತ್ತಾ 50 ನಿಮಿಷ ಬಿಟ್ಟೆ. ಸಾಲದ್ದಕ್ಕೆ ಕೂದಲ ತುದಿಯಲ್ಲಿ ಹಳೇ ಡೈ ಇನ್ನೂ ಇತ್ತು, ಅದರ ಮೇಲೇ ಇನ್ನೊಂದು ಸಲ ಬಳಿದೆ. ತಲೆ ಒರೆಸಿಕೊಂಡು ಹೊರಗೆ ಬಂದಾಗ ಅಕ್ಕ, "ಇದೇನೇ, ತಲೆಗೆ ಟಾರ್ ಬಳ್ಕೊಂಡ್ಯಾ?" ಅಂದಳು. ಕನ್ನಡಿ ನೋಡಿದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಣೆಯ ಅಂಚಿಗೆ ಗೆರೆ ಎಳೆದ ಹಾಗೆ ಕಪ್ಪು. ಯಾರದೋ ವಿಗ್ ತಂದು ಕೂರಿಸಿದ ಹಾಗೆ.

ಡೈ ಇಳಿಸೋದು ಹೇಗೆ ಅಂತ ಕೇಳಿದರೆ ಹತ್ತು ಜನ ಹತ್ತು ಮದ್ದು ಹೇಳುತ್ತಾರೆ. ಒಬ್ಬರು ನಿಂಬೆಹಣ್ಣು ಅಂದರೆ ಇನ್ನೊಬ್ಬರು ಅಡುಗೆ ಸೋಡಾ. "ನಂಗೆ ಇದರಿಂದಲೇ ಹೋಯ್ತು" ಅಂತ ಎಲ್ಲರೂ ಆಣೆ ಮಾಡುವವರೇ. ಆದರೆ ಎರಡು ಮದ್ದನ್ನು ಪಕ್ಕಪಕ್ಕ ಇಟ್ಟು ನೋಡಿದವರು ನನಗೆ ಸಿಗಲಿಲ್ಲ. ಇಡೀ ತಲೆಗೆ ಇವತ್ತೊಂದು ನಾಳೆ ಒಂದು ಹಚ್ಚುತ್ತಾ ಹೋದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗೋದು ಹೇಗೆ, ಅಲ್ವಾ?

ಅದಕ್ಕೇ ಮಾರನೇ ದಿನ ಅಕ್ಕನ ಕೈಲಿ ಕತ್ತಿನ ಹಿಂದೆ ಏಳು ಪುಟಾಣಿ ಜುಟ್ಟು ಕಟ್ಟಿಸಿಕೊಂಡೆ. ಮೇಲಿನ ಕೂದಲು ಬಿಟ್ಟರೆ ಮುಚ್ಚಿಹೋಗುವ ಜಾಗ. ಒಂದೊಂದೂ ಪೆನ್ಸಿಲ್ ದಪ್ಪ, ಒಂದೊಂದಕ್ಕೂ ಬೇರೆ ಬಣ್ಣದ ದಾರ. ಆರು ಜುಟ್ಟಿಗೆ ಆರು ಮದ್ದು. ಬಿಳಿ ದಾರದ ಏಳನೆಯದಕ್ಕೆ ಮಾಮೂಲಿ ಶಾಂಪೂ ಬಿಟ್ಟರೆ ಏನೂ ಇಲ್ಲ. ಹಳೇ ಬಿಳಿ ದಿಂಬಿನ ಕವರ್ ಒಂದನ್ನು ತುಂಡು ಮಾಡಿಟ್ಟುಕೊಂಡೆ, ತೊಳೆದ ಮೇಲೆ ಪ್ರತಿ ಜುಟ್ಟನ್ನೂ ಬೇರೆ ಬೇರೆ ತುಂಡಿನಲ್ಲಿ ಒರೆಸಲು. ಒದ್ದೆ ಕೂದಲು ಯಾವಾಗಲೂ ಹೆಚ್ಚು ಕಪ್ಪಾಗಿ ಕಾಣುತ್ತದೆ. ಹಾಗಾಗಿ ಪೂರ್ತಿ ಒಣಗಿದ ಮೇಲೆ, ಕಿಟಕಿ ಬೆಳಕಿನಲ್ಲೇ ನೋಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡೆವು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಹಚ್ಚಿದ್ದು ಪರ್ಮನೆಂಟ್ ಡೈ, ಎರಡು ಟ್ಯೂಬ್ ಕಲಸಿ ಹಚ್ಚುವಂಥದ್ದು. ಅದರಲ್ಲಿರುವ ಅಮೋನಿಯಾ ಅಥವಾ ಅಂಥದ್ದೇ ಇನ್ನೊಂದು ಕ್ಷಾರ ಕೂದಲ ಹೊರಪದರವನ್ನು ಉಬ್ಬಿಸಿ ಸಂದು ಮಾಡುತ್ತದೆ. ಆ ಸಂದಿನಲ್ಲಿ ಬಣ್ಣವೇ ಇಲ್ಲದ ಸಣ್ಣ ಸಣ್ಣ ಅಣುಗಳು ಒಳಗೆ ಹೋಗುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಅವುಗಳನ್ನು ಅಲ್ಲೇ ಒಂದಕ್ಕೊಂದು ಜೋಡಿಸುತ್ತದೆ. ಜೋಡಣೆ ಆದ ಮೇಲೇ ಅದಕ್ಕೆ ಬಣ್ಣ ಬರೋದು. ಬಿಡಿ ಹಲಗೆಗಳನ್ನು ಕೋಣೆಗೆ ಒಯ್ದು ಅಲ್ಲೇ ಬೀರು ಜೋಡಿಸಿದ ಹಾಗೆ. ಆಮೇಲೆ ಬೀರು ಬಾಗಿಲಲ್ಲಿ ಹಿಡಿಯೋದಿಲ್ಲ. ಹೊರಗೆ ತರಬೇಕಾದರೆ ಬಾಗಿಲು ಅಗಲ ಮಾಡಬೇಕು, ಇಲ್ಲವೇ ಬೀರು ಬಿಚ್ಚಬೇಕು. ಮನೆಮದ್ದುಗಳಲ್ಲಿ ಯಾವುದು ಏನು ಮಾಡುತ್ತದೆ ಅಂತ ನನಗೆ ಅರ್ಥವಾದದ್ದು ಈ ಲೆಕ್ಕದಿಂದಲೇ.

ಸೆಮಿ ಪರ್ಮನೆಂಟ್ ಬಣ್ಣವಾದರೆ ಇಷ್ಟು ರಗಳೆ ಇಲ್ಲ. ಅದು ಹೊರಪದರದ ಆಸುಪಾಸಿನಲ್ಲೇ ಕೂತಿರುತ್ತದೆ, ನಾಲ್ಕರಿಂದ ಹನ್ನೆರಡು ಸಲ ತಲೆ ತೊಳೆಯುವುದರೊಳಗೆ ತಾನೇ ಹೋಗುತ್ತದೆ.

ಮೊದಲ ಸರದಿ ಪಾತ್ರೆ ತೊಳೆಯುವ ಲಿಕ್ವಿಡ್ಡಿನದು. ಇದನ್ನು ಹೇಳಿದವರೇ ಜಾಸ್ತಿ. ಎರಡು ಹನಿ ಹಾಕಿ ಐದು ನಿಮಿಷ ಉಜ್ಜಿ ತೊಳೆದೆ. ಮಗ್ಗಿನಲ್ಲಿ ಬಿದ್ದ ನೀರು ಕಪ್ಪು ಶಾಯಿ ಕದಡಿದ ಹಾಗಿತ್ತು. ಬಟ್ಟೆಯ ಮೇಲೂ ಗಾಢ ಕಲೆ. ಅಕ್ಕನೂ ನಾನೂ ಖುಷಿಯಲ್ಲಿ ಕುಣಿಯುವುದೊಂದು ಬಾಕಿ. ಒಣಗಿದ ಮೇಲೆ ಬಿಳಿ ದಾರದ ಜುಟ್ಟಿನ ಪಕ್ಕ ಹಿಡಿದು ನೋಡಿದರೆ ಎರಡೂ ಒಂದೇ ಕಪ್ಪು. ಹೊರಗೆ ಅಂಟಿಕೊಂಡಿದ್ದ, ಇವತ್ತಲ್ಲ ನಾಳೆ ಹೇಗೂ ಹೋಗುತ್ತಿದ್ದ ಬಣ್ಣವನ್ನಷ್ಟೇ ಅದು ತೊಳೆದಿತ್ತು. ನೀರಿನ ಬಣ್ಣ ನೋಡಿ ಮೋಸ ಹೋಗಬಾರದು ಅನ್ನೋದು ಮೊದಲ ಜುಟ್ಟಿಗೇ ಗೊತ್ತಾಯಿತು. ಕೂದಲಿನ ಎಣ್ಣೆಯಂಶ ಮಾತ್ರ ಪೂರ್ತಿ ಹೋಗಿ, ಬೆರಳಾಡಿಸಿದರೆ ಕಿರ್ರನ್ನುವ ಹಾಗಾಗಿತ್ತು.

ಎರಡನೆಯದು ತಲೆಹೊಟ್ಟಿನ ಶಾಂಪೂ ಮತ್ತು ಅಡುಗೆ ಸೋಡಾ. ಎರಡು ಪಾಲು ಶಾಂಪೂಗೆ ಒಂದು ಪಾಲು ಸೋಡಾ ಕಲಸಿ ಹತ್ತು ನಿಮಿಷ. ಇಲ್ಲಿ ಸೋಡಾದ ಕೆಲಸ ಬಾಗಿಲು ತೆರೆಯೋದು. ಕೂದಲು, ತಲೆಯ ಚರ್ಮ ಎರಡಕ್ಕೂ ಸ್ವಲ್ಪ ಆಮ್ಲದ ಗುಣವೇ ಹಿತ. ಆಮ್ಲ, ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಚರ್ಮದ ಪಿಎಚ್ ಸುಮಾರು 5.5. ಸೋಡಾ ನೀರು 8 ದಾಟುತ್ತದೆ. ಆ ಕ್ಷಾರಕ್ಕೆ ಹೊರಪದರದ ಹುರುಪೆಗಳು ಎದ್ದು ನಿಲ್ಲುತ್ತವೆ. ಶಾಂಪೂ ಒಳಗಿನದನ್ನು ಅಷ್ಟಿಷ್ಟು ಎಳೆದು ತರುತ್ತದೆ. ಮೊದಲ ಸಲ ಏನೂ ಕಾಣಲಿಲ್ಲ. ದಿನ ಬಿಟ್ಟು ದಿನದಂತೆ ಮೂರು ಸಲ ಮಾಡಿದ ಮೇಲೆ ಕಪ್ಪಿನ ನೀಲಿ ಛಾಯೆ ಹೋಗಿ, ಬಿಸಿಲಿಗೆ ಹಿಡಿದರೆ ಕಂದು ಇಣುಕಿತು. ಆದರೆ ಅದಕ್ಕೆ ತೆತ್ತ ಬೆಲೆ? ತುದಿಗಳು ತೆಂಗಿನ ನಾರು. ಬಾಚಣಿಗೆ ನಡುವಿನಲ್ಲೇ ಸಿಕ್ಕಿಕೊಂಡಿತು. ಪೆನ್ಸಿಲ್ ದಪ್ಪದ ಜುಟ್ಟಿನದೇ ಈ ಗತಿಯಾದರೆ ಇಡೀ ತಲೆಗೆ ಮಾಡಿದರೆ ಏನಾದೀತು!

ಶಾಂಪೂ ಮಾತ್ರ ನನಗೆ ಇಷ್ಟವಾಯಿತು. ತಲೆಹೊಟ್ಟಿನ ಶಾಂಪೂಗಳಲ್ಲಿ ಸೆಲೆನಿಯಂ ಸಲ್ಫೈಡ್ ಇರುವಂಥವು ಡೈ ಮಾಡಿದ ಕೂದಲಿನ ಬಣ್ಣ ಕೆಡಿಸುತ್ತವೆ ಅಂತ ಬಾಟಲಿಯ ಮೇಲೇ ಎಚ್ಚರಿಕೆ ಇರುತ್ತದೆ. ಬೇರೆ ಸಮಯದಲ್ಲಿ ಅದು ದೋಷ, ನನಗೆ ಈಗ ಅದೇ ಬೇಕಾಗಿತ್ತು.

ವಿನೆಗರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅರ್ಧ ನೀರು ಬೆರೆಸಿ 20 ನಿಮಿಷ ಇಟ್ಟೆ, ಮೂಗು ಮುಚ್ಚಿಕೊಂಡು ಕೂತೆ, ಏನೂ ಆಗಲಿಲ್ಲ. ಆಗದೇ ಇರೋದಕ್ಕೆ ಕಾರಣವೂ ಇದೆ. ಹುಳಿ ತಾಗಿದರೆ ಹೊರಪದರ ಮುಚ್ಚಿಕೊಳ್ಳುತ್ತದೆ. ಡೈ ಬೇಗ ಹೋಗದಿರಲಿ ಅಂತ ವಿನೆಗರ್ ನೀರಲ್ಲಿ ತಲೆ ಜಾಲಿಸಲು ಹೇಳುವವರಿದ್ದಾರೆ. ಡೈ ಹೋಗಲಿ ಅಂತಲೂ ಅದನ್ನೇ ಹೇಳುತ್ತಾರೆ! ಎರಡರಲ್ಲಿ ಒಂದು ಸುಳ್ಳಾಗಲೇಬೇಕಲ್ಲ.

ನಿಂಬೆರಸ ಹಚ್ಚಿ ಬಿಸಿಲಲ್ಲಿ ಕೂರೋದು ಇನ್ನೊಂದು. ಎರಡು ಗಂಟೆ ಕೂತೆ. ಡೈ ಹಚ್ಚದ, ಸ್ವಲ್ಪ ತಿಳಿ ಬಣ್ಣದ ಕೂದಲಿಗೆ ಇದು ಒಂದಿಷ್ಟು ಹೊಂಬಣ್ಣ ಕೊಟ್ಟೀತು. ಯಾಕೆಂದರೆ ಅದು ತಿಳಿ ಮಾಡೋದು ಹುಟ್ಟು ಬಣ್ಣವನ್ನು. ನನ್ನ ಕಪ್ಪು ಡೈ ಜಪ್ಪಯ್ಯ ಅನ್ನಲಿಲ್ಲ. ಇದರಲ್ಲಿ ಅಪಾಯವೂ ಇದೆ. ನಿಂಬೆ ಜಾತಿಯ ರಸ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಕೆಲವರಿಗೆ ಬೊಬ್ಬೆ ಏಳುತ್ತದೆ, ಆಮೇಲೆ ವಾರಗಟ್ಟಲೆ ಕಂದು ಕಲೆ ಉಳಿಯುತ್ತದೆ. ಕತ್ತಿನ ಮೇಲೆ ಇಳಿಯದ ಹಾಗೆ ನಾನು ಟವಲ್ ಸುತ್ತಿಕೊಂಡಿದ್ದೆ. ಕುತೂಹಲ ತೀರಿತು, ಇನ್ನೊಮ್ಮೆ ಮಾಡುವುದಿಲ್ಲ.

ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟ ಜುಟ್ಟು ಬಣ್ಣದಲ್ಲಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆದರೆ ಎಣ್ಣೆಯನ್ನು ಸೋತವರ ಸಾಲಿಗೆ ಸೇರಿಸಲು ಮನಸ್ಸಿಲ್ಲ. ಹಣೆ, ಕಿವಿಯ ಮೇಲ್ಭಾಗ, ಕತ್ತಿನ ಮೇಲೆ ಕೂತಿದ್ದ ಕಲೆ ಇದೆಯಲ್ಲ, ಅದನ್ನು ಹತ್ತಿಯಲ್ಲಿ ಎಣ್ಣೆ ಅದ್ದಿ ಮೆಲ್ಲಗೆ ತಿಕ್ಕಿದರೆ ಹತ್ತು ನಿಮಿಷದಲ್ಲಿ ಮುಕ್ಕಾಲು ಪಾಲು ಹೋಯಿತು. ಸೋಡಾದಿಂದ ನಾರಾದ ಜುಟ್ಟು ಮತ್ತೆ ಬಾಚುವ ಹಾಗಾದದ್ದೂ ಇದರಿಂದಲೇ.

ಇನ್ನು ವಿಟಮಿನ್ ಸಿ. ಇದರ ಮೇಲೆ ನನಗೆ ನಂಬಿಕೆ ಇರಲಿಲ್ಲ, ಮಾತ್ರೆ ಪುಡಿ ಮಾಡಿ ತಲೆಗೆ ಹಚ್ಚೋದು ಅಂದರೆ ನಗು ಬರುತ್ತಿತ್ತು. ಮೊದಲ ಸಲ ಎಡವಟ್ಟೂ ಆಯಿತು. ಮನೆಯಲ್ಲಿ ಇದ್ದದ್ದು ಚೀಪುವ ಕಿತ್ತಳೆ ಮಾತ್ರೆ. ಅದರಲ್ಲಿ ಸಕ್ಕರೆ, ಬಣ್ಣ ಎಲ್ಲ ಇರುತ್ತದೆ. ಕುಟ್ಟಿ ಶಾಂಪೂಗೆ ಕಲಸಿದರೆ ಪಾಕ ಆಯಿತು, ಜುಟ್ಟು ಅಂಟಂಟಾಗಿ ಒಣಗಿತು, ಇರುವೆ ಬರುವುದೊಂದು ಬಾಕಿ. ಎರಡನೇ ಸಲ ಸಿಹಿಯಿಲ್ಲದ 500 ಮಿಲಿಗ್ರಾಂ ಬಿಳಿ ಮಾತ್ರೆ ನಾಲ್ಕು ತಂದು ಚಮಚದ ಹಿಂಬದಿಯಿಂದ ನುಣ್ಣಗೆ ಅರೆದೆ. ಗಂಟು ಉಳಿದರೆ ಕೂದಲಿಗೆ ಹಿಡಿಯುವುದಿಲ್ಲ. ಒಂದು ಚಮಚ ಬಿಸಿನೀರಲ್ಲಿ ಕದಡಿ, ಅದಕ್ಕೆ ತಲೆಹೊಟ್ಟಿನ ಶಾಂಪೂ ಬೆರೆಸಿ, ಒದ್ದೆ ಜುಟ್ಟಿಗೆ ಬುಡದಿಂದ ತುದಿಗೆ ಸವರಿ ಪ್ಲಾಸ್ಟಿಕ್ ಹಾಳೆ ಸುತ್ತಿದೆ. 45 ನಿಮಿಷ.

ತಮಾಷೆ ಎಂದರೆ ಈ ಸಲ ತೊಳೆದ ನೀರು ಅಷ್ಟೇನೂ ಕಪ್ಪಾಗಿರಲಿಲ್ಲ. ತಿಳಿ ಕಂದು. ಬಟ್ಟೆಯ ಮೇಲಿನ ಕಲೆಯೂ ಪಾತ್ರೆ ಲಿಕ್ವಿಡ್ಡಿನ ಕಲೆಯ ಅರ್ಧದಷ್ಟೇ. "ಇದೂ ಗೋವಿಂದ" ಅಂತ ಎದ್ದುಹೋದೆ. ಒಣಗಿದ ಮೇಲೆ ಅಕ್ಕ ಕರೆದು ಬಿಳಿ ದಾರದ ಜುಟ್ಟನ್ನೂ ಇದನ್ನೂ ಒಟ್ಟಿಗೆ ಹಿಡಿದು ಫೋಟೋ ತೆಗೆದು ತೋರಿಸಿದಳು. ಒಂದು ಕಪ್ಪು, ಒಂದು ಕಂದು. ಗೊಂದಲಕ್ಕೆ ಜಾಗವೇ ಇಲ್ಲ. ವಿಟಮಿನ್ ಸಿ ಬಾಗಿಲು ಅಗಲ ಮಾಡುವುದಲ್ಲ, ಬೀರಿಗೇ ಕೈ ಹಾಕುತ್ತದೆ. ಪೆರಾಕ್ಸೈಡ್ ಮಾಡಿದ್ದು ಆಕ್ಸಿಡೀಕರಣ, ಅಂದರೆ ಆಮ್ಲಜನಕದ ಬಲದಿಂದ ಹಲಗೆ ಜೋಡಿಸೋದಾದರೆ ಇದು ಅದರ ಉಲ್ಟಾ ದಿಕ್ಕಿನಲ್ಲಿ ಎಳೆಯುತ್ತದೆ. ಡೈ ತೆಗೆಯಲೆಂದೇ ಸಿಗುವ ಗಂಧಕ ವಾಸನೆಯ ರಿಮೂವರ್‌ಗಳೂ ಇದೇ ದಾರಿಯವು. ಅವುಗಳ ಬಲ ಜಾಸ್ತಿ, ವಾಸನೆಯೂ ಜಾಸ್ತಿ.

ಆದರೆ ಎರಡು ದಿನ ಬಿಟ್ಟು ನೋಡಿದಾಗ ಆ ಕಂದು ಸ್ವಲ್ಪ ಮಂಕಾಗಿತ್ತು, ಅಂದರೆ ಮತ್ತೆ ಕಪ್ಪಿನ ಕಡೆಗೆ. ಬಿಚ್ಚಿದ ಹಲಗೆಗಳನ್ನು ಕೋಣೆಯಲ್ಲೇ ಬಿಟ್ಟರೆ ಗಾಳಿಯ ಆಮ್ಲಜನಕ ಅವನ್ನು ತಿರುಗಿ ಜೋಡಿಸಬಹುದು. ರಿಮೂವರ್ ಹಚ್ಚಿದಾಗ ತುಂಬಾ ಹೊತ್ತು ನೀರು ಬಿಟ್ಟುಕೊಂಡು ತೊಳೆಯಿರಿ ಅನ್ನೋದು ಇದಕ್ಕೇ. ನಾನು ಮೊದಲು ತೊಳೆದದ್ದು ಎರಡೇ ಮಗ್ಗು ನೀರಲ್ಲಿ.

ಪ್ರಯತ್ನವನ್ನೇ ಮಾಡದೆ ಬಿಟ್ಟವೂ ಇವೆ. ಬಟ್ಟೆಗೆ, ನೆಲಕ್ಕೆ ಹಾಕುವ ಬ್ಲೀಚ್ ಕೂದಲಿನ ಪ್ರೋಟೀನನ್ನೇ ಕರಗಿಸುತ್ತದೆ, ತಲೆಯ ಚರ್ಮವನ್ನು ಸುಡುತ್ತದೆ. ಅದಕ್ಕೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅದು ವಿಷ. ಹೈಡ್ರೋಜನ್ ಪೆರಾಕ್ಸೈಡನ್ನೂ ಮುಟ್ಟಲಿಲ್ಲ. ಹಿಂದೆಂದೋ ಲೋಹದ ಲವಣ ಬೆರೆಸಿದ ಮದರಂಗಿ ಪುಡಿ ಹಚ್ಚಿದ್ದರೆ ಪೆರಾಕ್ಸೈಡ್ ತಾಗಿ ಕೂದಲು ಬಿಸಿಯೇರಿ ಹಾಳಾಗಬಹುದು. ಇನ್ನು ಶುದ್ಧ ಮದರಂಗಿಯ ಬಣ್ಣ ಕೂದಲಿನ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ, ಅದಕ್ಕೆ ಮೇಲೆ ಹೇಳಿದ ಯಾವುದೂ ಸಾಲದು. ಕಪ್ಪಿನ ಮೇಲೆ ತಿಳಿ ಕಂದು ಡೈ ಹಚ್ಚಿಬಿಡೋಣ ಅಂತ ಅಕ್ಕ ಅಂದಳು. ಡೈ ಇನ್ನೊಂದು ಡೈಯನ್ನು ತಿಳಿ ಮಾಡುವುದಿಲ್ಲ, ಮೇಲಿಂದ ಇನ್ನಷ್ಟು ತುಂಬುತ್ತದೆ ಅಷ್ಟೇ. ನನ್ನ ತುದಿಗಳೇ ಅದಕ್ಕೆ ಸಾಕ್ಷಿ.

ಇಡೀ ತಲೆಗೆ ನಾನು ಮಾಡಿದ್ದು ಇಷ್ಟು. ಮೊದಲ ವಾರ ಸೋಡಾ ಇಲ್ಲದೆ ಬರೀ ತಲೆಹೊಟ್ಟಿನ ಶಾಂಪೂ, ಮೂರು ಸಲ. ಆಮೇಲೆ ವಿಟಮಿನ್ ಸಿ, ಒಂದೇ ಸಲ, 20 ಮಾತ್ರೆ. ಈ ಬಾರಿ ಹರಿಯುವ ನೀರಲ್ಲಿ ಕಾಲು ಗಂಟೆ ತೊಳೆದೆ. ಹಣೆಯ ಹತ್ತಿರ ಉಗುರು ತಾಗಿ ಒಂದು ಗೀರಾಗಿತ್ತು, ಅಲ್ಲಿ ಚುರುಗುಟ್ಟಿ ಕಣ್ಣಲ್ಲಿ ನೀರು ಬಂತು. ಚರ್ಮ ಒಡೆದಿದ್ದರೆ ಇದನ್ನು ಮುಟ್ಟಲೇಬೇಡಿ. ಕೊನೆಗೆ ಎಣ್ಣೆ. ಬುಡದಿಂದ ಮುಕ್ಕಾಲು ಭಾಗ ಕಡು ಕಂದಾಯಿತು, ಸ್ವಲ್ಪ ಕೆಂಪು ಹೊಡೆಯುತ್ತದೆ. ಆ ಕೆಂಪು ಡೈಯದಲ್ಲ. ಡೈ ಹತ್ತಿಸುವಾಗ ಪೆರಾಕ್ಸೈಡ್ ನನ್ನ ಸ್ವಂತ ಬಣ್ಣವನ್ನೂ ಒಂದಿಷ್ಟು ಕಳೆದಿತ್ತು, ಈಗ ಮೇಲಿನ ಕಪ್ಪು ಸರಿದಾಗ ಅದು ಕಾಣುತ್ತಿದೆ. ಹಳೇ ಕೂದಲು ಹಾಗೇ ವಾಪಸು ಸಿಗುತ್ತದೆ ಅಂದುಕೊಂಡಿದ್ದೆ, ಸಿಗಲಿಲ್ಲ. ಎರಡು ಸಲ ಡೈ ಕುಡಿದ ತುದಿಗಳು ಕೊನೆಗೂ ಜಗ್ಗಲಿಲ್ಲ. ಮೂರು ಬೆರಳು ಕತ್ತರಿಸಿದೆ.

ಏಳನೇ ಜುಟ್ಟಿನ ವಿಷಯ ಉಳಿಯಿತು. ಇಡೀ ತಲೆಗೆ ಹಚ್ಚಿದಾಗಲೆಲ್ಲ ಅದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕ್ಲಿಪ್ ಹಾಕಿ ಕಾಪಾಡಿದ್ದೆ, ಆಮೇಲೆ ಮಾಮೂಲಿ ಶಾಂಪೂವಿನಲ್ಲಿ ತೊಳೆಯುತ್ತಿದ್ದೆ. ಪ್ರಯೋಗ ಮುಗಿದ ದಿನ ಉಳಿದ ಆರು ಜುಟ್ಟಿನಿಂದ ಚೂರು ಚೂರು ಕತ್ತರಿಸಿ ಬಿಳಿ ಕಾಗದಕ್ಕೆ ಟೇಪಿನಿಂದ ಅಂಟಿಸಿ ಹೆಸರು ಬರೆದಿಟ್ಟಿದ್ದೆ. ನಾಲ್ಕು ವಾರ ಕಳೆದ ಮೇಲೆ ಬಿಳಿ ದಾರ ಬಿಚ್ಚಿ ಕಾಗದದ ಪಕ್ಕ ಹಿಡಿದೆವು. ವಿಟಮಿನ್ ಸಿ ಚೂರಿಗಿಂತ ಅದು ಇನ್ನೂ ಕಪ್ಪೇ. ಆದರೆ ಸೋಡಾ ಚೂರಿನ ಪಕ್ಕ ಇಟ್ಟಾಗ ಯಾವುದು ಯಾವುದು ಅಂತ ಅಕ್ಕನಿಗೆ ಹೇಳಲಾಗಲಿಲ್ಲ. ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿದಳು. "ಒರಟಾಗಿರೋದು ಸೋಡಾ," ಅಂದಳು. ಸರಿಯಾಗೇ ಹೇಳಿದ್ದಳು.