ಡೆಡ್ ಸ್ಪೇಸ್: ಗೆಳೆಯ ಪಕ್ಕದಲ್ಲಿರಬೇಕಾ, ಎದುರಿಗಾ?

ಹಾರರ್ ವಿಡಿಯೋ ಗೇಮ್‌ಗಳಾದ ಡೆಡ್ ಸ್ಪೇಸ್ 2 (2011) ಮತ್ತು ಡೆಡ್ ಸ್ಪೇಸ್ 3 (2013), ಎರಡನ್ನೂ ಗೆಳೆಯರ ಜೊತೆ ಆಡುವಂತೆ ಮಾಡಿದ್ದರು; ಎರಡನೆಯದರ ಆನ್‌ಲೈನ್ ಆಟ ಈಗ ನಿಂತುಹೋಗಿದೆ. ಆಡುವ ರೀತಿ ಮಾತ್ರ ಬೇರೆ ಬೇರೆ.

ಎರಡನೆಯದರಲ್ಲಿ ನಾಲ್ವರು ಮನುಷ್ಯರು, ನಾಲ್ವರು ನೆಕ್ರೋಮಾರ್ಫ್‌ಗಳು, ಅಂದರೆ ಹೆಣಗಳಿಂದ ಹುಟ್ಟುವ ರಾಕ್ಷಸರು. ಮನುಷ್ಯರು ಕೊಟ್ಟ ಕೆಲಸ ಮುಗಿಸಬೇಕಿತ್ತು, ರಾಕ್ಷಸರು ತಡೆಯಬೇಕಿತ್ತು. ಆಮೇಲೆ ಪಕ್ಷ ಅದಲು ಬದಲು. ಲರ್ಕರ್ ಅನ್ನೋ ರಾಕ್ಷಸನಾಗಿ ಗೋಡೆ ಹತ್ತಿ ಹೊಂಚು ಹಾಕೋದು ನಿಜಕ್ಕೂ ಮಜಾ ಇತ್ತು. ಆದರೆ ರಾಕ್ಷಸನೇ ನೀವಾದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಅದು ಚುರುಕಾದ ಪೈಪೋಟಿ ಆಗಿತ್ತು, ಅಷ್ಟೆ. ಎರಡೂ ಕಡೆಗೆ ಸಾಕಷ್ಟು ಜನ ಸಿಗಬೇಕಿತ್ತು ಬೇರೆ.

ಮೂರನೆಯದರಲ್ಲಿ ಒಬ್ಬರು ಸರಣಿಯ ನಾಯಕ ಐಸಾಕ್, ಇನ್ನೊಬ್ಬರು ಅವನ ಜೊತೆಗಾರ ಸೈನಿಕ ಕಾರ್ವರ್. ಇಬ್ಬರಿದ್ದರೆ ಭಯ ಕಡಿಮೆ ಅಲ್ವಾ ಅಂತ ನೀವು ಕೇಳಬಹುದು. ಹೌದು, ಗುಂಡಿನ ಚಕಮಕಿಯಲ್ಲಿ ಕಡಿಮೆಯೇ. ಆದರೆ ಇಬ್ಬರಿದ್ದಾಗ ಮಾತ್ರ ತೆರೆಯುವ ಕೆಲವು ಮಿಷನ್‌ಗಳಿವೆ. ಅಲ್ಲಿ ಕಾರ್ವರ್‌ಗೆ ಭ್ರಮೆ ಶುರುವಾಗುತ್ತದೆ. ಅವನ ಪರದೆಯಲ್ಲಿ ಆಟಿಕೆ ಸೈನಿಕ ನಿಂತಿರುತ್ತಾನೆ, ಐಸಾಕ್‌ನ ಪರದೆಯಲ್ಲಿ ಬರೀ ಖಾಲಿ ಜಾಗ. "ಅದನ್ನ ನೋಡಿದ್ಯಾ?" ಅಂತ ಒಬ್ಬರು, "ಯಾವುದನ್ನ?" ಅಂತ ಇನ್ನೊಬ್ಬರು. ಜೊತೆಗಾರನೇ ಭಯದ ಮೂಲವಾಗುವ ಇಂಥ ಉಪಾಯ ಹಾರರ್ ಆಟಗಳಲ್ಲಿ ಅಪರೂಪ. ನನಗಂತೂ ತುಂಬಾ ಇಷ್ಟ.

ಮೂರನೆಯದನ್ನು ಒಂದೇ ಟಿವಿಯಲ್ಲಿ ಇಬ್ಬರೂ ಆಡಲು ಆಗಲ್ಲ, ಆನ್‌ಲೈನ್ ಮಾತ್ರ. ನಂಬಿಕೆಯ ಒಬ್ಬ ಗೆಳೆಯ ಇದ್ದರೆ ಮೂರನೆಯದನ್ನೇ ತಗೊಳ್ಳಿ. ಕಾರ್ವರ್‌ನನ್ನು ನೀವೇ ಆರಿಸಿಕೊಳ್ಳಿ. ಎರಡನೆಯದನ್ನು ಒಂಟಿ ಆಟದ ಕಥೆಗಾಗಿ ತಗೊಳ್ಳಿ, ಅದು ಸರಣಿಯಲ್ಲೇ ಗಟ್ಟಿಯಾಗಿದೆ.