ಎರಡು ದಿನದ ಅಪ್ರೋಚ್ ಚಾರ್ಟ್ ಕ್ಲಾಸ್: ಪಾಠ ಸೂಪರ್, ಝೆರಾಕ್ಸ್‌ಗೆ ಸೊನ್ನೆ

ಕಳೆದ ಶನಿವಾರ, ಭಾನುವಾರ ಮಂಗಳೂರಿನ ಕದ್ರಿ ಹತ್ತಿರ ಒಂದು ಮಹಡಿ ರೂಮಿನಲ್ಲಿ ಕ್ಲಾಸ್ ಇತ್ತು. ಮೋಡ ಕವಿದಾಗ ಪೈಲಟ್‌ಗಳು ಮೀಟರ್ ನೋಡಿಕೊಂಡೇ ವಿಮಾನ ಇಳಿಸುತ್ತಾರಲ್ಲ, ಆಗ ಇಟ್ಟುಕೊಳ್ಳುವ ನಕ್ಷೆ, ಅಂದರೆ ಅಪ್ರೋಚ್ ಚಾರ್ಟ್ ಓದುವುದು ಹೇಗೆ ಅಂತ. ನಾನು ಪೈಲಟ್ ಅಲ್ಲ, ಮನೆಯ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಹಾರಿಸುವ ಗಿರಾಕಿ. ಒಟ್ಟು ಹತ್ತು ಜನ ಇದ್ದೆವು, ಅದರಲ್ಲಿ ಮೂವರು ಲೈಸೆನ್ಸ್‌ಗೆ ಓದುವ ಹುಡುಗರು, ಉಳಿದವರಿಗೆಲ್ಲ ನನ್ನದೇ ಹುಚ್ಚು. ಫೀಸ್ 2500 ರೂಪಾಯಿ. ನಡುವೆ ಚಹಾ, ಗೋಳಿಬಜೆ.

ಸರ್ ಮೊದಲ ಅರ್ಧ ಗಂಟೆ ಚಿತ್ರ ನೋಡಲೇ ಬಿಡಲಿಲ್ಲ. "ಎಂತ ಅವಸರ ಮಾರಾಯ್ರೇ, ಮೊದಲು ಆ ಸಣ್ಣ ಅಕ್ಷರ ಓದಿ" ಅಂತ ಚಾರ್ಟ್‌ನಲ್ಲಿರುವ ನೋಟ್ಸ್ ಮೇಲೆ ಬೆರಳಿಟ್ಟರು. ಡಿಎಂಇ (ದೂರ ತೋರಿಸುವ ಉಪಕರಣ) ಇಲ್ಲದೆ ಈ ಅಪ್ರೋಚ್ ಮಾಡುವ ಹಾಗಿಲ್ಲ, ರನ್‌ವೇಯ ಈ ಬದಿಯಲ್ಲಿ ಸುತ್ತು ಹಾಕುವ ಹಾಗಿಲ್ಲ, ಇಂಥದ್ದೆಲ್ಲ ಅಲ್ಲೇ ಇರುತ್ತದೆ. ನಾನು ಇಷ್ಟು ವರ್ಷ ಅದನ್ನು ಓದದೇ ಸುಮ್ನೆ ಇಳಿಸುತ್ತಿದ್ದೆ.

ಷಟ್ಕೋನ ಅಂದರೆ ವಿಒಆರ್, ಚುಕ್ಕಿಗಳ ವೃತ್ತ ಅಂದರೆ ಎನ್‌ಡಿಬಿ (ಎರಡೂ ವಿಮಾನಕ್ಕೆ ದಿಕ್ಕು ತೋರಿಸುವ ನೆಲದ ರೇಡಿಯೋ ಕೇಂದ್ರಗಳು), ಇದೆಲ್ಲ ಹತ್ತು ನಿಮಿಷದ ಮಾತು. ನನಗೆ ತಲೆಗೆ ಹೋಗದೇ ಇದ್ದದ್ದು ವೇಪಾಯಿಂಟ್ (ದಾರಿಯಲ್ಲಿ ಗುರುತು ಮಾಡಿದ ಜಾಗ) ಸುತ್ತಲಿನ ವೃತ್ತ. ವೃತ್ತ ಇದ್ದರೆ ಆ ಜಾಗದ ಮೇಲೆಯೇ ಹಾದು ಆಮೇಲೆ ತಿರುಗಬೇಕು, ಇಲ್ಲದಿದ್ದರೆ ಸ್ವಲ್ಪ ಮೊದಲೇ ತಿರುಗಲು ಶುರು ಮಾಡಬಹುದು. ಸರ್ ಇದನ್ನು ನಂತೂರು ಸರ್ಕಲ್ ಕತೆ ಹೇಳಿ ತಿಳಿಸಿದರು, ಇನ್ನು ಮರೆಯುವುದಿಲ್ಲ.

ಆಮೇಲೆ ಗೆರೆಗಳು. ಎತ್ತರದ ಅಂಕಿಯ ಕೆಳಗೆ ಗೆರೆ ಇದ್ದರೆ ಅದಕ್ಕಿಂತ ಕೆಳಗಿಳಿಯಬಾರದು. ಮೇಲೆ ಗೆರೆ ಇದ್ದರೆ ಅದಕ್ಕಿಂತ ಮೇಲೆ ಹೋಗಬಾರದು. ಎರಡೂ ಇದ್ದರೆ ಸರಿಯಾಗಿ ಅಷ್ಟೇ. ಗೆರೆಯೇ ಇಲ್ಲದಿದ್ದರೆ ಅದು ಬರೀ ಸಲಹೆ. ನನ್ನ ಜಗಳ ಇರುವುದೂ ಇಲ್ಲೇ. ನಮಗೆ ಕೊಟ್ಟದ್ದು ಝೆರಾಕ್ಸಿನ ಝೆರಾಕ್ಸ್. ಅಭ್ಯಾಸದ ಹಾಳೆಯಲ್ಲಿ 2200 ಅಡಿ ಅಂತ ಇತ್ತು, ಗೆರೆ ಕಾಣಲಿಲ್ಲ, ಸಲಹೆ ಅಂದುಕೊಂಡು 1900ಕ್ಕೆ ಇಳಿಸಿಬಿಟ್ಟೆ. ಸರ್ ತಮ್ಮ ಕಲರ್ ಪ್ರತಿ ಪಕ್ಕಕ್ಕಿಟ್ಟರು. ಅದರಲ್ಲಿ 2200ರ ಅಡಿಯಲ್ಲಿ ಚಂದದ ಗೆರೆ! ನಿಜವಾದ ವಿಮಾನ ಆಗಿದ್ದರೆ ಕೆಳಗೆ ಗುಡ್ಡ ಇತ್ತು. ಗೆರೆ ಬಗ್ಗೆ ಒಂದು ಗಂಟೆ ಪಾಠ ಮಾಡಿ ಗೆರೆಯೇ ಇಲ್ಲದ ಹಾಳೆ ಕೊಡುವುದು ಎಂಥ ನ್ಯಾಯ, ಅಲ್ವಾ?

ಭಾನುವಾರ ಮಧ್ಯಾಹ್ನ ನಮ್ಮ ಬಜ್ಪೆಯ, ಅಂದರೆ ಮಂಗಳೂರು ಏರ್‌ಪೋರ್ಟಿನ ಚಾರ್ಟ್ ತೆಗೆದರು. ರನ್‌ವೇ 24, ಅಂದರೆ ಈಶಾನ್ಯದ ಗುಡ್ಡಗಳ ಕಡೆಯಿಂದ ಬಂದು ಸಮುದ್ರದ ಕಡೆ ಮುಖ ಮಾಡಿ ಇಳಿಯುವುದು. ಮೂರು ಡಿಗ್ರಿ ಇಳಿಜಾರಿಗೆ ಒಂದು ಸುಲಭ ಲೆಕ್ಕ ಹೇಳಿಕೊಟ್ಟರು: ನೆಲಕ್ಕೆ ಹೋಲಿಸಿದರೆ ವಿಮಾನ ಹೋಗುವ ವೇಗವನ್ನು ನಾಟ್‌ನಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಅಂತ) ತೆಗೆದುಕೊಂಡು ಐದರಿಂದ ಗುಣಿಸಿ. 140 ನಾಟ್ ಇದ್ದರೆ ನಿಮಿಷಕ್ಕೆ 700 ಅಡಿ ಇಳಿಯಬೇಕು. ಮೇ 22, 2010ರ ಬೆಳಿಗ್ಗೆ ಇದೇ 24ಕ್ಕೆ ಬಂದ ವಿಮಾನ ಎತ್ತರ ಜಾಸ್ತಿ ಇದ್ದೂ ಇಳಿಯಿತು. ಚಕ್ರ ನೆಲ ಮುಟ್ಟಿದ್ದು ರನ್‌ವೇ ಶುರುವಾಗಿ ಸುಮಾರು 5200 ಅಡಿ ದಾಟಿದ ಮೇಲೆ, ಇದ್ದದ್ದೇ 8000 ಅಡಿ ಚಿಲ್ಲರೆ, ಆಚೆ ಕಣಿವೆ. 158 ಜನ ಹೋದರು. ಮತ್ತೆ ಮೇಲಕ್ಕೆ ಹೋಗೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು. ಸರ್ ಇಷ್ಟು ಹೇಳಿ, ಚಾರ್ಟ್‌ನಲ್ಲಿ ರನ್‌ವೇಯಿಂದ ಹೊರಡುವ ತುಂಡು ತುಂಡು ಗೆರೆಯ ಮೇಲೆ ಪೆನ್ಸಿಲ್ ಎಳೆದರು. ಅದೇ ಮಿಸ್ಡ್ ಅಪ್ರೋಚ್, ಇಳಿಯಲು ಆಗದಿದ್ದರೆ ಮತ್ತೆ ಮೇಲಕ್ಕೆ ಹೋಗುವ ದಾರಿ. ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಉಳಿದ ಕಿರಿಕಿರಿ ಸಣ್ಣದು. ಫ್ಯಾನ್ ಒಂದೇ, ಸೆಕೆಯಲ್ಲಿ ಬೆಂದೆವು, ಕಾರ್ ನಿಲ್ಲಿಸಲು ಜಾಗ ಇಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರಿಗೆ ಒಂದು ಮಾತು: ಏರ್‌ಪೋರ್ಟ್ ಅಥಾರಿಟಿಯ ಸೈಟ್‌ನಲ್ಲಿ ಏಐಪಿ (ವಿಮಾನಯಾನದ ಅಧಿಕೃತ ಮಾಹಿತಿ ಪುಸ್ತಕ) ಚಾರ್ಟ್‌ಗಳು ಪುಕ್ಕಟೆ ಸಿಗುತ್ತವೆ, ಕಲರ್ ಪ್ರಿಂಟ್ ತೆಗೆಸಿಕೊಂಡೇ ಹೋಗಿ. ಒಂದು ಭೂತಗನ್ನಡಿ ಕೂಡ ಇರಲಿ, ನಲವತ್ತು ದಾಟಿದವರಿಗೆ ಆ ನೋಟ್ಸ್ ಬರಿಗಣ್ಣಿಗೆ ಕಾಣುವುದಿಲ್ಲ.